ಯಾವ ಕ್ರಾಸು?

ರಾಮಾಂಜಿನಪ್ಪನಿಗೆ ಬರುತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ. ಬಸ್ಸು, ಸೈಟು, ಲೀಟರು ಇವೆಲ್ಲ ಅವನ ಪ್ರಕಾರ ಕನ್ನಡವೇ. ಆದರೆ ಆ ಒಂದು ಪದವನ್ನು ಅವನು ದುಡಿಸಿಕೊಳ್ಳುತ್ತಿದ್ದ ಪರಿ ನೋಡಿದರೆ, ಇಂಗ್ಲಿಷಿನವರು ಮಿಕ್ಕ ಪದಗಳನ್ನು ಯಾಕೆ ಸಾಕಿಕೊಂಡಿದ್ದಾರೋ ಎಂದು ಆಶ್ಚರ್ಯವಾಗುತ್ತಿತ್ತು.

ಆ ಪದ ಕ್ರಾಸ್. ಅವನ ಕೊಟ್ಟಿಗೆಯಲ್ಲಿದ್ದದ್ದು ಕ್ರಾಸ್ ಹಸು. ಹೊಲದ ಬದು ಓಡಿದ ಹಾಗೆ ಓಡಿ, ಒಂದು ಮೂಲೆ ಎಳೆದುಕೊಂಡಿದ್ದ ಸೈಟು ಕ್ರಾಸ್ ಸೈಟು. ಅದನ್ನು ವಾಸ್ತು ನೋಡುವವರಾರೂ ಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಹೊರಟಾಗ ಬೆಕ್ಕು ಕ್ರಾಸ್ ಆದರೆ ಚಪ್ಪಲಿ ಬಿಚ್ಚಿ ಜಗುಲಿಯ ಮೇಲೆ ಕೂತು ಮತ್ತೆ ಹೊರಡುತ್ತಿದ್ದ. ಹೆಂಡತಿ ಕೃಷ್ಣಮ್ಮ ಎದುರಾಡಿದರೆ ಅದು ಕ್ರಾಸ್ ಮಾತು. ತನಗೆ ಅರವತ್ತು ಕ್ರಾಸ್ ಆಗಿದೆಯೆಂದು ಕೆಲಸ ಬಂದಾಗ ಹೇಳುತ್ತಿದ್ದ, ಮದುವೆ ಊಟಕ್ಕೆ ಹೋದಾಗ ಹೇಳುತ್ತಿರಲಿಲ್ಲ. ಮನೆಗೆ ಟೆಲಿಫೋನು ಬಂದ ಮೇಲೆ ಅದರಲ್ಲಿ ಬೇರೆ ಯಾರದೋ ಮಾತು ತೂರಿಬಂದು ಕ್ರಾಸ್ ಆದಾಗ ಎಲ್ಲರ ಹಾಗೆ ಕುಕ್ಕಿ ಇಡದೆ, ಉಸಿರು ಬಿಗಿಹಿಡಿದು ಕೊನೆಯವರೆಗೂ ಕೇಳುತ್ತಿದ್ದ. ನೆಲಮಂಗಲದ ಯಾರದೋ ಹುಡುಗಿಗೆ ಗಂಡು ಒಪ್ಪಿಗೆಯಾದದ್ದು ಹುಡುಗಿಗಿಂತ ಮೊದಲು ಅವನಿಗೆ ಗೊತ್ತಾಗಿತ್ತು.

ಇಷ್ಟೆಲ್ಲ ಕ್ರಾಸುಗಳ ಒಡೆಯನಿಗೆ ಬೇಕಿದ್ದ ಒಂದು ಕ್ರಾಸ್ ಮಾತ್ರ ಸಿಕ್ಕಿರಲಿಲ್ಲ.

ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿ ದಾಟಿದ ಮೇಲೆ ಎಡಕ್ಕೆ ಒಂದು ಮಣ್ಣುದಾರಿ ಇಳಿಯುತ್ತದೆ. ಹಿಂದೆ ಅದು ರಾಮಾಂಜಿನಪ್ಪನ ರಾಗಿಹೊಲಕ್ಕೂ ಅವನ ತಮ್ಮ ದೇವರಾಜನ ರಾಗಿಹೊಲಕ್ಕೂ ನಡುವಿನ ಗಾಡಿಜಾಡು. ತೊಂಬತ್ತರ ದಶಕ ಕಣ್ಣು ಬಿಡುತ್ತಿದ್ದ ಹಾಗೆ ರಾಗಿ ಹೋಗಿ ಕಲ್ಲು ನೆಟ್ಟರು, ಕಲ್ಲು ಹೋಗಿ ಶೀಟಿನ ಮನೆಗಳ ಸಾಲು ಎದ್ದಿತು, ಸಾಲುಗಳಲ್ಲಿ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವ ನಾವು ಬಾಡಿಗೆಯವರು ತುಂಬಿಕೊಂಡೆವು. ದಾರಿಯ ಒಂದು ಬದಿಯವರು ಅಣ್ಣನಿಗೆ ಬಾಡಿಗೆ ಕೊಡುವವರು, ಇನ್ನೊಂದು ಬದಿಯವರು ತಮ್ಮನಿಗೆ. ಅಣ್ಣತಮ್ಮಂದಿರು ಮಾತು ಬಿಟ್ಟಿರಲಿಲ್ಲ. ಮಾತು ಬಿಟ್ಟರೆ ಜಗಳವಾಡುವುದು ಹೇಗೆ?

ದಾರಿಯ ಕೊನೆಯಲ್ಲಿ ಮೊದಲ ತಾರಸಿ ಮನೆ ಕಟ್ಟಿಸಿದವರು ಚನ್ನಬಸಮ್ಮನವರು. ಹಾವೇರಿ ಕಡೆಯವರು, ಹೈಸ್ಕೂಲಿನ ಹೆಡ್ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮಗ ಅಮರೇಶ್ ಪೀಣ್ಯದಲ್ಲಿ ಎಂಜಿನಿಯರು. ಗೃಹಪ್ರವೇಶದ ದಿನವೇ ಅವರು ಗೇಟಿನ ಕಲ್ಲಿನ ಮೇಲೆ 'ಕಾಯಕನಗರ' ಎಂದು ಕೆತ್ತಿಸಿಬಿಟ್ಟರು. ನಗರದಲ್ಲಿ ಆಗ ಇದ್ದದ್ದು ಅವರದೊಂದೇ ಮನೆ.

ಸಿಟಿ ಬಸ್ಸು ಮಾದನಾಯಕನಹಳ್ಳಿಯಲ್ಲಿ ನಿಂತು, ನಮ್ಮ ತಿರುವನ್ನು ಕಣ್ಣೆತ್ತಿಯೂ ನೋಡದೆ, ಮುಂದಿನ ಪೆಟ್ರೋಲ್ ಬಂಕಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ನಾವು ಹಿಂದಕ್ಕೋ ಮುಂದಕ್ಕೋ, ಲಾರಿಗಳ ಗಾಳಿಗೆ ಲುಂಗಿ ಸೀರೆ ಹಿಡಿದುಕೊಂಡು ನಡೆಯಬೇಕಿತ್ತು. ಇದನ್ನು ವರ್ಷಗಟ್ಟಲೆ ಯಾರೂ ದೊಡ್ಡದು ಮಾಡಿರಲಿಲ್ಲ. ದೊಡ್ಡದಾದದ್ದು ರಾಮಾಂಜಿನಪ್ಪನ ಮಗಳು ಕೃಪಾಗೆ ಕೆಲಸ ಸಿಕ್ಕಿದ ಮೇಲೆ.

ಕೃಪಾ ಐಟಿಐ ಮುಗಿಸಿದ್ದಳು. ಪೀಣ್ಯದಲ್ಲಿ ವಿದ್ಯುತ್ ಸ್ವಿಚ್ಚುಗಳನ್ನು ಮಾಡುವ ಕಾರ್ಖಾನೆಯವರು ಒಂದು ತಿಂಗಳು ನೋಡಿ, ಒಪ್ಪಿಗೆಯಾದರೆ ಮೂರು ವರ್ಷಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಮೊದಲ ಶಿಫ್ಟು, ಬೆಳಿಗ್ಗೆ ಆರಕ್ಕೆ.

"ಬಾಡ್ಗೆ ಬರೋ ಮನೆ ಮಗ್ಳು ಬಾಡ್ಗೆ ಕಟ್ಟೋರ್ ಜೊತೆ ಬಸ್ಸಲ್ಲಿ ನೇತಾಕ್ಕೊಂಡು ಓಗ್ಬೇಕಾ?" ಎಂದು ರಾಮಾಂಜಿನಪ್ಪ ಮೊದಲು ಕೇಳಿದ.

"ಹೋಗ್ತೀನಿ," ಎಂದಳು ಕೃಪಾ. "ಅವ್ರೇನು ಕಚ್ತಾರಾ?"

"ಕ್ರಾಸ್ ಮಾತಾಡ್ಬ್ಯಾಡ. ಕತ್ಲಲ್ಲಿ ಐವೇ ಪಕ್ಕದಾಗೆ ಅಷ್ಟ್ ದೂರ ನಡ್ಕೊಂಡು ಓಯ್ತೀಯಾ? ಲಾರಿಯೋರು ಎಂತೆಂತೋರು ಇರ್ತಾರೆ."

"ಹಂಗಾದ್ರೆ ನೀನೂ ಬಾ ಸ್ಟಾಪ್ ತನ್ಕ."

ಅವನು ಯೋಚಿಸಿದ. ಕೃಷ್ಣಮ್ಮ ಒಲೆಯ ಮುಂದಿನಿಂದ ಅವನನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದರೆ ಅವನಿಗೆ ಯೋಚನೆ ಬೇಗ ಮುಗಿಯುತ್ತಿತ್ತು.

"ಸರಿ. ಈ ತಿಂಗ್ಳು ನಾನೇ ಬತ್ತೀನಿ. ಅಷ್ಟ್ರೊಳ್ಗೆ ನಮ್ ತಿರುವಲ್ಲಿ ಬಸ್ ನಿಂತ್ರೆ ಮೂರ್ ವರ್ಸ ಅಲ್ಲ, ಮೂವತ್ ವರ್ಸ ಓಗು. ನಿಲ್ಲಿಲ್ವಾ, ಕೆಲ್ಸ ಬುಟ್ಬುಡು. ಆಮೇಲೆ ಅಳ್ಬಾರ್ದು."

"ನೀನೂ ಮಾತು ಬದಲಾಯಿಸ್ಬಾರ್ದು," ಎಂದಳು ಕೃಪಾ.

ಹೀಗೆ ಆ ತಿಂಗಳು ನಮ್ಮ ಓನರು ಬೆಳಕು ಹರಿಯುವ ಮೊದಲೇ ತಲೆಗೆ ಟವಲು ಸುತ್ತಿಕೊಂಡು ಮಗಳ ಹಿಂದೆ ಹೆದ್ದಾರಿಯ ಅಂಚಿನಲ್ಲಿ ನಡೆಯತೊಡಗಿದ. ಹಾಲು ಕರೆಯುವ ಹೊತ್ತು ಅದೇ. ವಾಪಸು ಬರುವಷ್ಟರಲ್ಲಿ ಹಸು ಕೂಗಿ ಕೂಗಿ ಇಡೀ ಸಾಲನ್ನು ಎಬ್ಬಿಸಿರುತ್ತಿತ್ತು, ಡೈರಿಯ ಸೈಕಲ್ಲು ಹೊರಟುಹೋಗಿರುತ್ತಿತ್ತು. ಉಳಿದ ಹಾಲನ್ನು ಕೃಷ್ಣಮ್ಮ ಬಾಡಿಗೆಯವರಿಗೆಲ್ಲ ಹಂಚಿದಳು. ಸ್ಟಾಪು ಬೇಗ ಆಗದಿರಲಿ ಎಂದು ನಮ್ಮಲ್ಲಿ ಒಬ್ಬಿಬ್ಬರು ಹಾರೈಸಿದ್ದೂ ಉಂಟು.

ಸ್ಟಾಪು ಮಾಡಿಸುವುದು ಹೇಗೆ ಎಂದು ತಿಳಿದುಕೊಂಡವಳು ಕೃಪಾನೇ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬರುವ ಬಸ್ಸಿನ ಕಂಡಕ್ಟರು ಇರಣ್ಣ, ಗದಗಿನ ಕಡೆಯವನು. ಅವನನ್ನು ಅವಳು ಕೇಳಿದಳು: "ಸಾರ್, ನಮ್ ತಿರುವಲ್ಲಿ ಸ್ಟಾಪ್ ಕೊಡ್ಬೇಕಂದ್ರೆ ಯಾರಿಗೆ ಅರ್ಜಿ ಕೊಡ್ಬೇಕು?"

ಇರಣ್ಣ ಬಾಯಲ್ಲಿದ್ದ ಸೀಟಿಯನ್ನು ತೆಗೆದ. "ಅರ್ಜಿ ಕೊಡಬಹುದ್ರಿ. ಕೊಟ್ಟವರ ಮೊಮ್ಮಕ್ಕಳು ಬಂದು ಅದರ ಉತ್ತರ ಇಸ್ಕೊಂಡು ಹೋಗ್ತಾರ. ಸ್ಟಾಪು ಆಫೀಸಿನಾಗ ಹುಟ್ಟಂಗಿಲ್ಲವಾ. ಬಸ್ಸಿನಾಗ ಹುಟ್ಟತೈತಿ."

"ಹಂಗಂದ್ರೆ?"

"ಹಂಗಂದ್ರ, ನೀವು ಹತ್ತಿ ಟಿಕೆಟ್ ತಗೊಳ್ಳಾಗ 'ಮಾದನಾಯಕನಹಳ್ಳಿ' ಅಂತೀರಿ. ನಾ ಮಾದನಾಯಕನಹಳ್ಳಿ ಅಂತ ಕರೀತೀನಿ. ನಾಳಿಂದ ಎಲ್ಲಾರೂ 'ಇಂಥಾ ಕ್ರಾಸ್ ಕೊಡ್ರಿ' ಅನ್ರಿ. ದಿನಾ ಅನ್ರಿ. ಇಪ್ಪತ್ ಮಂದಿ ಒಂದ ಹೆಸರು ಹೇಳಿದ್ರ ನನ್ನ ಬಾಯಾಗ ಆ ಹೆಸರು ಕೂಡತೈತಿ. ನಾ ಕೂಗಿದ್ರ ಡ್ರೈವರ್ ಕಾಲು ತಾನ ಬ್ರೇಕಿನ ಮ್ಯಾಲೆ ಬೀಳತೈತಿ. ಈ ರೋಡಿನಾಗ ಅರ್ಧ ಸ್ಟಾಪು ಹಿಂಗ ಆಗ್ಯಾವ. ಆಫೀಸಿಗೆ ಆಮ್ಯಾಲ ಗೊತ್ತಾಗತೈತಿ, ಬೋರ್ಡು ಬರಸ್ತಾರ."

ಇದು ಕೃಪಾಗೆ ಬಹಳ ಸುಲಭವೆನ್ನಿಸಿತು. ಅವಳಿಗೆ ಆಗಿನ್ನೂ ಹತ್ತೊಂಬತ್ತು.

ಆ ಸಂಜೆಯೇ ಅವಳು ಮನೆಮನೆಗೆ ಹೋಗಿ ವಿಷಯ ಹೇಳಿ ಬಂದಳು. ಎಲ್ಲರೂ ಒಪ್ಪಿದರು. ಟಿಕೆಟ್ಟು ಕೇಳುವಾಗ ಕ್ರಾಸ್ ಅನ್ನುವುದು ಬಿಟ್ಟರೆ ಅದರಲ್ಲಿ ಯಾರಿಗೂ ಖರ್ಚಿಲ್ಲ. ಯಾವ ಕ್ರಾಸ್ ಎಂದು ಮಾತ್ರ ಅವಳು ಹೇಳಲಿಲ್ಲ. ಹೇಳಬೇಕಾದೀತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆದವರು ಬೇರೆ ಇದ್ದರು. ರಾತ್ರಿ ಊಟಕ್ಕೆ ಮೊದಲು ರಾಮಾಂಜಿನಪ್ಪ ತನ್ನ ಬದಿಯ ಮನೆಗಳ ಮುಂದೆ ಒಂದು ಸುತ್ತು ಬಂದು, "ನಾಳೆಯಿಂದ ರಾಮಾಂಜಿನಪ್ಪ ಕ್ರಾಸ್ ಅಂತ ಕೇಳ್ರಪ್ಪಾ. ಮರೀಬ್ಯಾಡಿ. ನೀರು ಬುಡೋದು ನಾನೇ ಅಲ್ವಾ," ಎಂದ. ನೀರು ಬಿಡುವವನ ಹೆಸರನ್ನು ಮರೆಯುವ ಬಾಡಿಗೆದಾರ ಈ ಪ್ರಪಂಚದಲ್ಲಿಲ್ಲ. ಎದುರು ಬದಿಯಲ್ಲಿ ದೇವರಾಜ, "ದೇವರಾಜ್ ಲೇಔಟ್ ಕ್ರಾಸ್. ಲೇಔಟ್ ಅನ್ನೋದು ಬುಡ್ಬ್ಯಾಡಿ, ಅದಿದ್ರೇನೇ ರೇಟು," ಎಂದ. ಚನ್ನಬಸಮ್ಮನವರು ಯಾರಿಗೂ ನೀರು ಬಿಡುತ್ತಿರಲಿಲ್ಲ. ಆದರೆ ಅವರ ಮನೆಗೆ ಟ್ಯೂಷನ್ನಿಗೆ ಬರುವ ಮಕ್ಕಳು ಬಹಳ. ಅವರಿಗೆಲ್ಲ ಹೇಳಿದರು: "ಮನುಷ್ಯರ ಹೆಸರು ಇವತ್ತಿರ್ತದ, ನಾಳೆ ಹೋಗ್ತದ. ಕಾಯಕನಗರ ಕ್ರಾಸ್ ಅಂತ ಅನ್ರಿ. ಸ್ಪಷ್ಟ ಅನ್ರಿ. ಮನ್ಯಾಗ ಅಪ್ಪ ಅವ್ವಗೂ ಹೇಳ್ರಿ."

ಮುಂದಿನ ಎರಡು ವಾರ ನಮ್ಮ ಬಸ್ಸಿನಲ್ಲಿ ನಡೆದದ್ದನ್ನು ಹೊರಗಿನವರು ನೋಡಿದ್ದರೆ, ಈ ಹೆದ್ದಾರಿಯ ಬದಿಯಲ್ಲಿ ಎಷ್ಟು ಕ್ರಾಸುಗಳಪ್ಪಾ ಎಂದು ಬೆರಗಾಗುತ್ತಿದ್ದರು. "ಒಂದು ರಾಮಾಂಜಿನಪ್ಪ." "ಎರಡು ದೇವರಾಜ್ ಲೇಔಟ್, ಒಂದು ಹಾಫ್." "ಕಾಯಕನಗರ ಕೊಡಿ ಅಂಕಲ್." ಇಬ್ಬರು ಓನರುಗಳ ಹಂಗೂ ಬೇಡ, ಟೀಚರ ಹಂಗೂ ಬೇಡ ಎಂದವರು "ಅದೇ, ಬಂಕಿಗಿಂತ ಮುಂಚೆ" ಎಂದರು. ಒಂದೇ ಮನೆಯಲ್ಲಿ ಅಪ್ಪ ಓನರ ಹೆಸರು ಹೇಳಿ, ಮಗ ಟ್ಯೂಷನ್ನಿನ ಹೆಸರು ಹೇಳಿ, ಇಬ್ಬರೂ ಬಂಕಿನ ಹತ್ತಿರ ಇಳಿದು ಒಟ್ಟಿಗೆ ಹಿಂದಕ್ಕೆ ನಡೆದು ಬಂದರು. ಬಸ್ಸು ಮಾತ್ರ ನಮ್ಮ ತಿರುವಿನಲ್ಲಿ ನಿಲ್ಲಲಿಲ್ಲ.

ಕೃಪಾ ಇರಣ್ಣನನ್ನು ಹಿಡಿದು ಕೇಳಿದಳು. "ನೀವೇ ಹೇಳಿದ್ರಿ ಸಾರ್. ದಿನಾ ಕೇಳ್ತಿದೀವಿ. ಯಾಕ್ ನಿಲ್ಲಿಸ್ತಿಲ್ಲ?"

"ತಂಗಿ, ನಾ ಏನ್ ಮಾಡ್ಲಿ? ಒಂದೊಂದು ಕ್ರಾಸಿಗೆ ನಾಕು ಮಂದಿ, ಐದು ಮಂದಿ. ನಾಕು ಮಂದಿಗೆ ಬಸ್ ನಿಲ್ಲಿಸಿದ್ರ ತುಮಕೂರು ರೋಡಿನಾಗ ನಿಂತಕೋತ ಹೋಗ್ಬೇಕಾಗತೈತಿ. ಮೂರರಾಗ ಯಾವುದಕ್ಕ ನಿಲ್ಲಿಸ್ಲಿ?"

"ಮೂರಲ್ಲ ಸಾರ್, ಅದು ಒಂದೇ!"

"ಒಂದ? ಹೌದಾ? ಮತ್ತ ಮೂರ್ ಯಾಕ ಅಂತೀರಿ?"

ಅದಕ್ಕೆ ಉತ್ತರ ಹೇಳಬೇಕಾದರೆ ಅವಳು ಅಪ್ಪನ ಕಥೆ, ಚಿಕ್ಕಪ್ಪನ ಕಥೆ, ಎರಡು ರಾಗಿಹೊಲದ ಕಥೆ ಎಲ್ಲ ಹೇಳಬೇಕಿತ್ತು. ಅಷ್ಟರಲ್ಲಿ ಬಂಕು ಬಂತು.

ಮನೆಯಲ್ಲಿ ಅವಳು ಗಲಾಟೆ ಮಾಡಲಿಲ್ಲ. ಮುದ್ದೆ ಮುರಿಯುತ್ತಾ, "ಇವತ್ತು ನಂದೊಂದು ಕ್ರಾಸ್ ಆಯ್ತು," ಎಂದಳು.

ರಾಮಾಂಜಿನಪ್ಪ ತಟ್ಟೆಯಿಂದ ಕೈ ಎತ್ತಿದ. "ಯಾವನು? ಯಾವನ್ ಕ್ರಾಸ್ ಆದ?"

"ಯಾರೂ ಅಲ್ಲಪ್ಪ, ನಟ್ಟು. ಬೋಲ್ಟಿಗೆ ನಟ್ಟು ಹಾಕೋವಾಗ ಸೊಟ್ಟ ಹತ್ಕೊಂಡ್ರೆ ಕ್ರಾಸ್ ಅಂತಾರೆ. ಆಗ ಬಲ ಹಾಕ್ಬಾರ್ದು. ಬಿಚ್ಚಿ ಮೊದ್ಲಿಂದ ತಿರುಗಿಸ್ಬೇಕು. ನಾನು ಬಲ ಹಾಕ್ದೆ. ನಟ್ಟೂ ಹೋಯ್ತು, ಬೋಲ್ಟೂ ಹೋಯ್ತು. ಸೂಪರ್ವೈಸರ್ ಹತ್ರ ಬೈಸ್ಕೊಂಡೆ."

"ನಿಮ್ಮಪ್ಪನ್ಗೂ ಅದ್ನ ಸಲ್ಪ ಯೋಳ್ಕೊಡಮ್ಮಿ," ಎಂದಳು ಕೃಷ್ಣಮ್ಮ ಸಾರು ಬಡಿಸುತ್ತಾ.

"ನಾನೇನ್ ಬಲ ಆಕ್ದೆ? ನನ್ ಒಲ, ನನ್ ದಾರಿ, ನನ್ ಎಸ್ರು. ದೇವ್ರಾಜನೇ ಬಿಚ್ಲಿ."

ದಾರಿಯ ಆಚೆ ದೇವರಾಜನೂ ಊಟದ ಹೊತ್ತಿಗೆ ಇದೇ ಮಾತನ್ನು ತಿರುವಿ ಹೇಳುತ್ತಿದ್ದನೆಂದು ಅವನ ಗೋಡೆಗೆ ಗೋಡೆ ತಾಗಿದ್ದ ಬಾಡಿಗೆಯವರು ವರದಿ ಮಾಡಿದರು.

ತಿಂಗಳ ಮೂರನೆಯ ಭಾನುವಾರ ದಾಸರಹಳ್ಳಿಯ ಛತ್ರದಲ್ಲಿ ಒಂದು ಮದುವೆ. ಊಟ ಮುಗಿಸಿಕೊಂಡು ಹಿಂದಿರುಗುವಾಗ ಎಲ್ಲರೂ ಒಂದೇ ಬಸ್ಸಿಗೆ ಸಿಕ್ಕಿದರು. ಮುಂದೆ ಚನ್ನಬಸಮ್ಮನವರು, ನಡುವೆ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡ ರಾಮಾಂಜಿನಪ್ಪ, ಪಕ್ಕದಲ್ಲಿ ಕೃಷ್ಣಮ್ಮ ಮತ್ತು ಕೃಪಾ, ಹಿಂದೆ ದೇವರಾಜ. ಅಲ್ಲಲ್ಲಿ ನಾವು. ಕಂಡಕ್ಟರು ಇರಣ್ಣನೇ.

"ಕಾಯಕನಗರ ಕ್ರಾಸ್," ಎಂದರು ಚನ್ನಬಸಮ್ಮ. ಇರಣ್ಣ ಹರಿದುಕೊಟ್ಟ.

"ರಾಮಾಂಜಿನಪ್ಪ ಕ್ರಾಸ್, ಮೂರು."

ಹಿಂದಿನಿಂದ ದೇವರಾಜ, "ದೇವರಾಜ್ ಲೇಔಟ್ ಕ್ರಾಸ್ ಒಂದು. ದೇವರಾಜ್ ಲೇಔಟ್ ಅಂತ ಕೂಗ್ ಯೋಳಿ ಕಂಡಕ್ಟ್ರೇ, ಸಲ್ಪ ಜನಕ್ಕೆ ಕಿವಿ ಮಂದ."

"ಯಾರ್ಗ್ಲಾ ಕಿವಿ ಮಂದ?" ರಾಮಾಂಜಿನಪ್ಪ ತಿರುಗಿದ. "ಆ ದಾರಿ ಗಾಡಿಜಾಡಾಗಿದ್ದಾಗ ಗಾಡಿ ಯಾವನ್ದು? ನಂದು!"

"ಎತ್ತು ಯಾವನ್ದು? ನಂದು!"

"ಎತ್ತು ಒಂದು ನಿಂದು, ಒಂದು ಅಪ್ಪಂದು!"

"ರೀ, ಎತ್ತಿನ ಹೆಸರಿಡ್ರಿ ಹಂಗಾರ, ಜಗಳ ಮುಗೀತದ," ಎಂದರು ಚನ್ನಬಸಮ್ಮ ತಿರುಗದೆಯೇ. "ಸಭ್ಯರು ಓಡಾಡೋ ದಾರಿಗೆ ಒಂದು ಅರ್ಥ ಇರೋ ಹೆಸರು ಬ್ಯಾಡೇನು?"

"ನೀವ್ ಸುಮ್ಕಿರಿ ಟೀಚರಮ್ಮ. ಒಂದು ಸೈಟ್ ತಕಂಡು ಊರಿಗೇ ಎಸ್ರಿಟ್ಬುಟ್ರಿ. ಅದೂ ಕ್ರಾಸ್ ಸೈಟು!"

ಇದು ತಪ್ಪಾಯಿತು. ಆ ಸೈಟನ್ನು ನೇರವಾಗಿದೆಯೆಂದು ಹೇಳಿ ಮಾರಿದವನು ಅವನೇ. ಚನ್ನಬಸಮ್ಮನವರು ಎದ್ದು ನಿಂತರು. ಮೂವತ್ತು ವರ್ಷ ಗದ್ದಲದ ತರಗತಿಗಳನ್ನು ಸುಮ್ಮನಾಗಿಸಿದ್ದ ಆ ದನಿ ಮೇಲೆದ್ದಾಗ ಡ್ರೈವರು ಹಿಂದೆ ಏನೋ ಅನಾಹುತವಾಯಿತೆಂದುಕೊಂಡು ಬ್ರೇಕು ಒತ್ತಿಬಿಟ್ಟ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಿಟಕಿಯಿಂದ ನೋಡಿದರೆ ಬಸ್ಸು ನಿಂತದ್ದು ಸರಿಯಾಗಿ ನಮ್ಮ ತಿರುವಿನಲ್ಲಿ.

"ಇಳೀರಿ, ಇಳೀರಿ ಮೊದ್ಲು!" ಎಂದು ಇರಣ್ಣ ಸೀಟಿ ಊದಿದ. "ಎಲ್ಲಾ ಕ್ರಾಸಿನವ್ರೂ ಇಳೀರಿ! ಕೆಳಗ ನಿಂತು ಮುಗಿಸ್ಕೋರಿ!"

ಮೂವರೂ ಮಾತು ನಿಲ್ಲಿಸದೆ ಇಳಿದರು. ನಾವು ಬಾಡಿಗೆಯವರು, ಬಸ್ಸು ಮನೆಯ ಮುಂದೆ ನಿಂತದ್ದು ಇದೇ ಮೊದಲಾದ್ದರಿಂದ, ಖುಷಿಯಿಂದ ಇಳಿದೆವು. ಬಸ್ಸು ಹೋದ ಮೇಲೂ ಎತ್ತುಗಳ ಲೆಕ್ಕ ಮುಗಿದಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬಸ್ಸು ಮಾದನಾಯಕನಹಳ್ಳಿ ಬಿಟ್ಟಾಗ ಇರಣ್ಣ ತಮಾಷೆಗೆ, "ಯಾರ್ರೀ ಜಗಳದ ಕ್ರಾಸು? ಬಾಗಿಲಿಗೆ ಬರ್ರಿ!" ಎಂದು ಕೂಗಿದ.

ಬಸ್ಸೆಲ್ಲ ನಕ್ಕಿತು. ನಕ್ಕವರಲ್ಲಿ ಏಳೆಂಟು ಮಂದಿ ಎದ್ದು ಬಾಗಿಲಿಗೆ ಹೋದರು. ಏಳೆಂಟು ಮಂದಿ ಬಾಗಿಲಲ್ಲಿ ನಿಂತರೆ ಡ್ರೈವರ ಕಾಲು ಬ್ರೇಕಿಗೆ ಹೋಗದೆ ಇರುವುದಿಲ್ಲ. ಬಸ್ಸು ನಿಂತಿತು.

ಅದರ ಮರುದಿನ ಯಾರೋ ಹತ್ತುವಾಗಲೇ "ಒಂದು ಜಗಳದ ಕ್ರಾಸ್" ಎಂದರು. ಆಮೇಲೆ ಎಲ್ಲರೂ. ನಮಗೆ ಅದರಷ್ಟು ಅನುಕೂಲದ ಹೆಸರು ಇನ್ನೊಂದಿರಲಿಲ್ಲ. ಅದನ್ನು ಹೇಳಿದರೆ ಅಣ್ಣನ ಪಕ್ಷವೂ ಅಲ್ಲ, ತಮ್ಮನ ಪಕ್ಷವೂ ಅಲ್ಲ, ನೀರೂ ನಿಲ್ಲುವುದಿಲ್ಲ, ಟ್ಯೂಷನ್ನಿನಲ್ಲಿ ಕಿವಿಯನ್ನೂ ಹಿಂಡುವುದಿಲ್ಲ. ಒಂದು ವಾರದಲ್ಲಿ ಬೆಳಗಿನ ಬಸ್ಸೂ ಕೈ ಅಡ್ಡ ಹಿಡಿದರೆ ನಿಲ್ಲತೊಡಗಿತು.

ಹೆಸರು ತಮ್ಮ ಕಿವಿಗೆ ಬಿದ್ದಾಗ ಆ ಮೂವರು ಜೀವನದಲ್ಲಿ ಮೊದಲ ಬಾರಿ ಒಂದಾದರು. ಚನ್ನಬಸಮ್ಮನವರ ಜಗುಲಿಯಲ್ಲಿ ಕಾಫಿ ಕುಡಿದರು. ಅಣ್ಣತಮ್ಮಂದಿರು ಒಂದೇ ಬೆಂಚಿನ ಮೇಲೆ ಕೂತರು. ಊರಿನ ಮಾನ ಹೋಗುತ್ತದೆಂದು ದೇವರಾಜ, ರೇಟು ಬೀಳುತ್ತದೆಂದು ಅವನೇ ಮತ್ತೊಮ್ಮೆ, ಮಕ್ಕಳ ಮನಸ್ಸಿನ ಮೇಲೆ ಪರಿಣಾಮವಾಗುತ್ತದೆಂದು ಚನ್ನಬಸಮ್ಮ ಹೇಳಿ, ಮೂವರೂ ಸೇರಿ 'ಶಾಂತಿನಗರ ಕ್ರಾಸ್' ಎಂಬ ಹೆಸರನ್ನು ಅವಿರೋಧವಾಗಿ ಆರಿಸಿದರು. ಮಧ್ಯಾಹ್ನ ಬಸ್ಸು ಬಂದಾಗ ಮೂವರೂ ಬಾಗಿಲಿಗೆ ಅಡ್ಡ ನಿಂತು ಇರಣ್ಣನಿಗೆ ವಿಷಯ ತಿಳಿಸಿದರು.

"ಶಾಂತಿನಗರ ಊರಾಗ ಆಗಲೇ ಒಂದೈತ್ರಿ," ಎಂದ ಇರಣ್ಣ. "ಎರಡನೇದು ಮಾಡಿದ್ರ ಅಲ್ಲಿಗೆ ಹೋಗೋ ಮಂದಿ ಇಲ್ಲಿಗೆ ಬಂದು ಇಳೀತಾರ. ನನಗ ಬೈತಾರ."

"ಅಂಗಾದ್ರೆ ಬ್ಯಾರೆ ಯೋಳ್ತೀವಿ. ಜಗಳ ಅನ್ನೋದು ನಿಲ್ಸಿ ನೀವು."

"ನಿಲ್ಲಸ್ತೀನ್ರಿ ಯಜಮಾನ್ರ. ಆದ್ರ ಅದನ್ನ ನಿಲ್ಲಿಸಿದ್ರ ಬಸ್ಸು ನಿಲ್ಲಂಗಿಲ್ಲ. ಹೊಸಾ ಹೆಸರು ಮಂದಿ ಬಾಯಾಗ ಕೂಡಬೇಕಂದ್ರ ಮತ್ತ ತಿಂಗಳಾತು, ಎರಡು ತಿಂಗಳಾತು. ಯೋಚನೆ ಮಾಡ್ರಿ." ಸೀಟಿ ಊದಿ ಹೋದ.

ದೇವರಾಜನಿಗೂ ಚನ್ನಬಸಮ್ಮನವರಿಗೂ ಎರಡು ತಿಂಗಳು ದೊಡ್ಡ ಮಾತಲ್ಲ. ರಾಮಾಂಜಿನಪ್ಪನಿಗೆ ಇದ್ದದ್ದು ತಿಂಗಳಿನ ಕೊನೆಯ ಮೂರು ನಾಲ್ಕು ದಿನ. ಅಷ್ಟು ದಿನವೂ ಅವನು ಮಗಳನ್ನು ತಿರುವಿನಲ್ಲಿ ನಿಲ್ಲಿಸದೆ ಹಳೆಯ ಸ್ಟಾಪಿನವರೆಗೇ ನಡೆಸಿಕೊಂಡು ಹೋದ. ಅವರು ಅರ್ಧದಾರಿಯಲ್ಲಿರುವಾಗ ಹಿಂದಿನಿಂದ ಬಂದ ಬಸ್ಸು ನಮ್ಮನ್ನೆಲ್ಲ ತಿರುವಿನಲ್ಲಿ ಹತ್ತಿಸಿಕೊಂಡು ಅವರನ್ನು ದಾಟಿ ಹೋಗುವುದು, ಅವರು ಓಡಿ ಹೋಗಿ ಅದೇ ಬಸ್ಸನ್ನು ಮಾದನಾಯಕನಹಳ್ಳಿಯಲ್ಲಿ ಹಿಡಿಯುವುದು. ಕೃಪಾ ಹತ್ತುವಾಗ ಏದುಸಿರು ಬಿಡುತ್ತಿದ್ದಳು. ನಾವು ಜಾಗ ಬಿಟ್ಟುಕೊಡುತ್ತಿದ್ದೆವು.

"ಬಸ್ ನಿಂತದಲ್ಲಪ್ಪಾ," ಎಂದು ಒಂದು ದಿನ ಅವಳು ಹೇಳಿದಳಂತೆ.

"ಅದು ನಿಲ್ಲೋದಲ್ಲ. ಅದು ನಗೋದು," ಎಂದನಂತೆ ಅವನು. "ಆ ಎಸ್ರು ನನ್ ಬಾಯಲ್ಲಿ ಬರಕಿಲ್ಲ. ನಾನ್ ಯೋಳ್ದೆ ಇರೋ ಸ್ಟಾಪು ಸ್ಟಾಪಲ್ಲ."

ಕೃಷ್ಣಮ್ಮ ಆ ದಿನಗಳಲ್ಲಿ ಗಂಡನೊಂದಿಗೆ ಕ್ರಾಸ್ ಮಾತನ್ನೂ ಆಡಲಿಲ್ಲ. ಅವನಿಗೆ ಅದು ಬಹಳ ಕಷ್ಟವಾಯಿತು.

ತಿಂಗಳ ಕೊನೆಯ ದಿನ ಕಾರ್ಖಾನೆಯವರು ಅವನನ್ನು ಕರೆಸಿದರು. ಅಲ್ಲಿನ ಪರ್ಸನೆಲ್ ಆಫೀಸರು, ಕನ್ನಡಕದ ಮೇಲಿನಿಂದ ನೋಡುವ ಒಬ್ಬಾಕೆ, ಕುರ್ಚಿ ಕೊಟ್ಟು, ನೀರು ಕೊಟ್ಟು, "ನಿಮ್ಮ ಮಗಳ ಕೆಲಸ ನಮಗೆ ಒಪ್ಪಿಗೆಯಾಗಿದೆ. ಮೂರು ವರ್ಷ ಕಳಿಸ್ತೀರಾ? ಮಧ್ಯ ಮದುವೆ ಅದು ಇದು ಅಂತ ಬಿಡಿಸ್ಬಾರ್ದು," ಎಂದರು. ಗಾಜಿನ ಆಚೆ ಕೃಪಾ ಕಾಣುತ್ತಿದ್ದಳು. ಉದ್ದನೆಯ ಮೇಜಿನ ಮುಂದೆ ಹತ್ತಾರು ಹುಡುಗಿಯರ ನಡುವೆ ಕೂತು, ಮಣಿಕಟ್ಟನ್ನಷ್ಟೇ ತಿರುಗಿಸಿ ಒಂದು ತಿರುಪನ್ನು ಕೂರಿಸುತ್ತಿದ್ದಳು. ಅಪ್ಪ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದವಳ ಮಾತಿಗೆ ನಕ್ಕಳು, ಆದರೆ ಕೈ ನಿಲ್ಲಿಸಲಿಲ್ಲ.

"ಯೋಚ್ನೆ ಮಾಡಿ ಯೋಳ್ತೀನಮ್ಮ," ಎಂದ ಅವನು.

"ನಾಳೆ ಬೆಳಿಗ್ಗೆ ಅವಳು ಡ್ಯೂಟಿಗೆ ಬಂದರೆ ಹೌದು ಅಂತ ತಿಳ್ಕೊಳ್ತೀನಿ. ಬರದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಕಾಯ್ತಿದಾಳೆ."

ಶಿಫ್ಟು ಮುಗಿದ ಮೇಲೆ ಅಪ್ಪ ಮಗಳು ಬಸ್ಸು ಹತ್ತಿದರು. ಆ ದಿನ ಇರಣ್ಣನಿಗೆ ರಜೆ. ಬದಲಿಗೆ ಬಂದ ಕಂಡಕ್ಟರನ್ನು ಯಾರೂ ನೋಡಿರಲಿಲ್ಲ. ಬೇರೆ ಡಿಪೋದಿಂದ ಬಂದ ಎಳೆಯ ಮುಖದವನು, ನಿದ್ದೆಗಣ್ಣು. ದೇವರಾಜ ಹಿಂದಿನ ಸೀಟಿನಲ್ಲಿದ್ದ. ಅವನು ಬಂಕಿನ ಟಿಕೆಟ್ಟು ತೆಗೆದುಕೊಂಡು ಮಡಿಸಿ ಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ನಾವು ಎಂದಿನಂತೆ ಅಲ್ಲಲ್ಲಿ.

ಕಂಡಕ್ಟರು ಬಂದು ರಾಮಾಂಜಿನಪ್ಪನ ಮುಂದೆ ನಿಂತ. "ಎಲ್ಲಿಗೆ?"

ಕೃಪಾ ಕಿಟಕಿಯ ಆಚೆ ನೋಡತೊಡಗಿದಳು. ಸಹಾಯ ಮಾಡಲಿಲ್ಲ.

ಮಾದನಾಯಕನಹಳ್ಳಿ ಎಂದರೂ ಆಗುತ್ತಿತ್ತು, ಬಂಕು ಎಂದರೂ ಆಗುತ್ತಿತ್ತು. ಎರಡಕ್ಕೂ ಅದೇ ಟಿಕೆಟ್ಟು. ಹಾಗಂದು, ಇಳಿದು, ನಡೆದು ಮನೆಗೆ ಹೋಗಿ, ಮಗಳ ಕೆಲಸ ಬಿಡಿಸಿ, ನಾಳೆಯಿಂದ ಹೊತ್ತಿಗೆ ಸರಿಯಾಗಿ ಹಾಲು ಕರೆಯಬಹುದಿತ್ತು. ಮಾತಿಗೆ ತಪ್ಪಿದನೆಂದು ಯಾರೂ ಅನ್ನುವಂತಿರಲಿಲ್ಲ. ಕಂಡಕ್ಟರು ಟಿಕೆಟ್ಟಿನ ಕಟ್ಟನ್ನು ಹೆಬ್ಬೆರಳಿನಿಂದ ಸರ್ರನೆ ಉಜ್ಜಿದ.

"ಬೇಗ ಹೇಳಿ ಯಜಮಾನ್ರೇ. ಜನ ಇದಾರೆ."

"ಎರ್ಡು..." ಎಂದ ರಾಮಾಂಜಿನಪ್ಪ. ಮಗಳ ಕಡೆ ನೋಡಿದ. "ಎರ್ಡು ಜಗಳದ ಕ್ರಾಸ್."

ಬಸ್ಸಿನಲ್ಲಿದ್ದ ನಾವೆಲ್ಲ ಅವನ ಕಡೆ ತಿರುಗಿದೆವು. ಅವನೂ ನಗೆಗೆ ತಯಾರಾಗಿ ಕತ್ತು ಗಟ್ಟಿ ಮಾಡಿಕೊಂಡು ಕೂತ.

ಕಂಡಕ್ಟರು ನಗಲಿಲ್ಲ. "ಜಗಳದ ಕ್ರಾಸ್ ಎರಡು," ಎಂದು ಗೊಣಗಿ, ಹರಿದು, ಕೈಗೆ ಕೊಟ್ಟು, "ಮಾದನಾಯಕನಹಳ್ಳಿ ಆದ್ಮೇಲೆ ತಾನೇ? ಬಾಗಿಲ ಹತ್ರ ಬನ್ನಿ, ಅಲ್ಲಿ ಜಾಸ್ತಿ ಹೊತ್ತು ನಿಲ್ಸಲ್ಲ," ಎಂದು ಮುಂದಿನ ಸೀಟಿಗೆ ಹೋದ. ಅವನಿಗೆ ಅದು ಎಂಟನೇ ಮೈಲಿಯ ಹಾಗೆ, ದಾಸರಹಳ್ಳಿಯ ಹಾಗೆ ಒಂದು ಜಾಗ. ಅದರಲ್ಲಿ ಒಂದು ಜಗಳವಿದೆ ಎಂದು ಅವನ ಕಿವಿಗೆ ಬಿದ್ದೇ ಇರಲಿಲ್ಲ.

ರಾಮಾಂಜಿನಪ್ಪ ಕೈಯಲ್ಲಿದ್ದ ಟಿಕೆಟ್ಟುಗಳನ್ನು ತಿರುಗಿಸಿ ನೋಡಿದ. ಕತ್ತು ನಿಧಾನಕ್ಕೆ ಸಡಿಲವಾಯಿತು.

"ನಗ್ಲೇ ಇಲ್ವಲ್ಲಮ್ಮಿ," ಎಂದ ಮಗಳಿಗೆ, ಸ್ವಲ್ಪ ನಿರಾಸೆಯಿಂದಲೇ.

"ಅವ್ರಿಗ್ಯಾಕಪ್ಪ ನಗು ಬರ್ತದೆ?" ಎಂದಳು ಕೃಪಾ. ಅವಳ ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು, ಆದರೆ ಕಿವಿ ಕೆಂಪಾಗಿತ್ತು.

ಮಾದನಾಯಕನಹಳ್ಳಿ ಬಿಟ್ಟಾಗ ಕಂಡಕ್ಟರು ಹೆಸರು ಕೂಗಿದ. ನಾವು ಎದ್ದೆವು. ಬಂಕಿನ ಟಿಕೆಟ್ಟಿನವನೂ ಎದ್ದು, ಯಾರೂ ಕೇಳದಿದ್ದರೂ, "ಎಂಗೂ ನಿಲ್ಲುಸ್ತವ್ನೆ, ಸುಮ್ಕೆ ಯಾಕ್ ಅಷ್ಟ್ ದೂರ," ಎನ್ನುತ್ತಾ ಇಳಿದ. ಬಸ್ಸು ಮಣ್ಣುದಾರಿಯ ಬಾಯಿಯನ್ನು ಸ್ವಲ್ಪ ದಾಟಿ ನಿಂತಿತ್ತು.

"ನೋಡ್ದಾ? ನನ್ ಕಡೆ ನಿಂತದೆ," ಎಂದ ರಾಮಾಂಜಿನಪ್ಪ, ಬಸ್ಸು ಹೋಗುವವರೆಗೂ ಕಾಯದೆ.

"ಇವತ್ತು ನಿಂತದೆ. ಇವ್ನು ಒಸ್ಬ," ಎಂದ ದೇವರಾಜ. "ಇರಣ್ಣ ಯಾವಾಗ್ಲೂ ನನ್ ಕಡೆ ನಿಲ್ಸೋದು. ನೆರಳಿಗೆ ಶೆಡ್ಡು ಆಕ್ಸೋದೂ ಅಲ್ಲೇ."

"ಶೆಡ್ಡಾ? ನಿನ್ ಕಡೆ ಎಲ್ಲೈತೆ ಜಾಗ? ಚರಂಡಿ ಮ್ಯಾಲ್ ಆಕ್ಸ್ತೀಯಾ?"

ಕೃಪಾ ಊಟದ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಒಂದು ಗಳಿಗೆ ನಿಂತಳು. ಇದು ಬೇಗ ಮುಗಿಯುವುದಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಬೇಗ ಏಳಬೇಕಿತ್ತು. ತಿರುಗಿ ಒಬ್ಬಳೇ ಮಣ್ಣುದಾರಿಯಲ್ಲಿ ಮನೆಯ ಕಡೆ ಹೊರಟಳು.

ರಾಮಾಂಜಿನಪ್ಪ ಮಾತಿನ ನಡುವೆ ಅವಳನ್ನು ನೋಡಿದ. ಕರೆಯಲು ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೇ ತಿರುಗಿಸಿ ಚರಂಡಿಯನ್ನು ತೋರಿಸಿದ.